ಎರರ್ ಪೇಜ್ ಗುಟ್ಟು ಬಿಟ್ಟುಕೊಡದಿರಲಿ: ವೆಬ್ ಆ್ಯಪ್ ಕಟ್ಟುವವರಿಗೆ, ನಡೆಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಪಿಎಚ್‌ಪಿಯಲ್ಲಿ ಬರೆದ ಒಂದು ಸಾಮಾನ್ಯ ಸೈಟು ಅಂದುಕೊಳ್ಳಿ. ರಾತ್ರಿ ಡೇಟಾಬೇಸ್ ರೀಸ್ಟಾರ್ಟ್ ಆಗುವ ಹೊತ್ತಿಗೆ ಸರಿಯಾಗಿ ಯಾರೋ ಹೋಂ ಪೇಜ್ ತೆರೆಯುತ್ತಾರೆ. 'ಅನ್‌ಕಾಟ್ ಪಿಡಿಒ ಎಕ್ಸೆಪ್ಷನ್' ಎಂದು ಬರುತ್ತದೆ (ಪಿಡಿಒ ಅಂದರೆ ಪಿಎಚ್‌ಪಿ ಡೇಟಾಬೇಸ್ ಜೊತೆ ಮಾತಾಡುವ ಸಾಧನ). ಮುಂದೆಯೇ ಫೈಲ್ ಇರುವ ಪೂರ್ತಿ ದಾರಿ, ಸಾಲಿನ ಸಂಖ್ಯೆ. ಕೆಳಗೆ ಸ್ಟ್ಯಾಕ್ ಟ್ರೇಸ್, ಅಂದರೆ ಎರರ್‌ಗೆ ಮುಂಚೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ. ಅದರ ಮೊದಲ ಸಾಲಿನಲ್ಲಿ ಡೇಟಾಬೇಸ್ ಕನೆಕ್ಷನ್‌ಗೆ ಕರೆದ ಫಂಕ್ಷನ್, ಅದಕ್ಕೆ ಕೊಟ್ಟ ಹೋಸ್ಟ್, ಯೂಸರ್‌ನೇಮ್, ಪಾಸ್‌ವರ್ಡ್. ಪಿಎಚ್‌ಪಿ ಟ್ರೇಸ್‌ನಲ್ಲಿ ಉದ್ದದ ಸ್ಟ್ರಿಂಗ್‌ಗಳನ್ನು 15 ಅಕ್ಷರಕ್ಕೆ ಕತ್ತರಿಸಿ ಚುಕ್ಕಿ ಹಾಕುತ್ತದೆ. ಹೋಸ್ಟ್‌ನ ವಿವರ ಉದ್ದವಿರುವುದರಿಂದ ಅರ್ಧಕ್ಕೇ ನಿಲ್ಲುತ್ತದೆ. ಪಾಸ್‌ವರ್ಡ್ 15 ಅಕ್ಷರದೊಳಗಿದ್ದರೆ ಇಡಿಯಾಗಿ ಕಾಣುತ್ತದೆ.

ಪಿಎಚ್‌ಪಿ 8.2ರಿಂದ ಈಚೆಗೆ ಪಿಡಿಒ ಪಾಸ್‌ವರ್ಡ್ ಟ್ರೇಸ್‌ನಲ್ಲಿ ತಾನಾಗಿಯೇ ಮರೆಯಾಗುತ್ತದೆ, ನಿಜ. ಆದರೆ ನಮ್ಮ ಕಡೆಯ ಶೇರ್ಡ್ ಹೋಸ್ಟಿಂಗ್‌ಗಳಲ್ಲಿ 'ಓಡ್ತಿದೆಯಲ್ಲ, ಮುಟ್ಟೋದು ಬೇಡ' ಅಂತ ಬಿಟ್ಟ ಹಳೆಯ ಆವೃತ್ತಿಗಳು ಬೇಕಾದಷ್ಟಿವೆ. ಪಾಸ್‌ವರ್ಡ್ ಕಾಣದೇ ಹೋದರೂ ಉಳಿದದ್ದೇನೂ ಕಮ್ಮಿಯಲ್ಲ: ಫೈಲಿನ ದಾರಿಯಲ್ಲಿ ಹೋಸ್ಟಿಂಗ್ ಖಾತೆಯ ಹೆಸರಿರುತ್ತದೆ, ಯಾವ ಫ್ರೇಮ್‌ವರ್ಕ್, ಯಾವ ಪ್ಲಗಿನ್ ಎಂಬುದು ತಿಳಿಯುತ್ತದೆ, ಅದರಿಂದ ಯಾವ ಹಳೆಯ ದೋಷ ಇನ್ನೂ ಮುಚ್ಚಿಲ್ಲ ಎಂಬ ಅಂದಾಜು ಸಿಗುತ್ತದೆ.

ತಪ್ಪಿನ ಮೂಲ ಒಂದೇ. ಎರರ್ ಆದಾಗ ಇಬ್ಬರಿಗೆ ಸುದ್ದಿ ಬೇಕು. ಬಳಕೆದಾರರಿಗೆ 'ಈಗ ನಾನೇನು ಮಾಡಬೇಕು' ಎಂದು ಗೊತ್ತಾಗಬೇಕು. ಡೆವಲಪರ್‌ಗೆ 'ಎಲ್ಲಿ, ಯಾಕೆ ಕೆಟ್ಟಿತು' ಎಂದು ಗೊತ್ತಾಗಬೇಕು. ಈ ಎರಡು ಸುದ್ದಿಯನ್ನೂ ಒಂದೇ ಪುಟದಲ್ಲಿ ಕೊಡಲು ಹೋದಾಗ ಸೋರಿಕೆ ಶುರುವಾಗುತ್ತದೆ. ಮುಂದಿನ ಹಂತಗಳೆಲ್ಲ ಈ ಎರಡು ದಾರಿಗಳನ್ನು ಬೇರೆ ಮಾಡುವ ಕೆಲಸವೇ.

ಒಂದು ಸೂಚನೆ: ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷಿನಲ್ಲಿ, ಹೆಚ್ಚಾಗಿ ಪದಗಳ ನಡುವೆ ಅಂಡರ್‌ಸ್ಕೋರ್‌ ಇಟ್ಟು ಇರುತ್ತವೆ. ಕೆಲಸ ಮಾಡುವವರಿಗೆ ಗುರುತು ಹತ್ತುತ್ತದೆ.

ಇದು ಎಷ್ಟು ದೊಡ್ಡದಾಗಬಹುದು?

2015ರ ಸೆಪ್ಟೆಂಬರ್ ಕೊನೆಯಲ್ಲಿ ಪೇಟ್ರಿಯಾನ್ ಎಂಬ ಅಮೆರಿಕದ ಕಂಪನಿಯ ಡೇಟಾಬೇಸ್ ಕಳುವಾಯಿತು. ಕಲಾವಿದರಿಗೆ ಅಭಿಮಾನಿಗಳು ತಿಂಗಳಿಗಿಷ್ಟು ಅಂತ ಹಣ ಕೊಡುವ ತಾಣ ಅದು. ಸಾರ್ವಜನಿಕರಿಗೆ ಕಾಣುವಂತೆ ಉಳಿದಿದ್ದ ಸೈಟಿನ ಡಿಬಗ್ (ದೋಷ ಹುಡುಕಲು ಇಟ್ಟ) ಆವೃತ್ತಿಯ ಮೂಲಕ ಕಳ್ಳರು ಒಳಬಂದರು ಎಂದು ಕಂಪನಿಯೇ ಹೇಳಿತು. ಅಲ್ಲಿದ್ದದ್ದು ಪೈಥಾನ್‌ನ ವರ್ಕ್‌ಝೋಯ್ಗ್ ಡಿಬಗ್ಗರ್. ಫ್ಲಾಸ್ಕ್ ಎಂಬ ಪೈಥಾನ್ ಫ್ರೇಮ್‌ವರ್ಕ್ ಬಳಸುವವರಿಗೆಲ್ಲ ಪರಿಚಯದ್ದೇ: ಎರರ್ ಬಂದಾಗ ಟ್ರೇಸ್‌ನ ಪ್ರತಿ ಸಾಲಿನ ಪಕ್ಕ ಒಂದು ಪುಟ್ಟ ಕನ್ಸೋಲ್ ಐಕಾನ್ ಇರುತ್ತದೆ, ಒತ್ತಿದರೆ ಬ್ರೌಸರ್‌ನಲ್ಲೇ ಪೈಥಾನ್ ಓಡಿಸಬಹುದು. ಎರರ್ ಪೇಜೇ ಸರ್ವರ್‌ನ ಹಿಂಬಾಗಿಲು. ಅದಕ್ಕೆ ಪಿನ್ ಕೇಳುವ ವ್ಯವಸ್ಥೆ ಬಂದದ್ದು ಆಮೇಲೆ.

ಹಂತ 1: ಮೊದಲು ನಿಮ್ಮ ಸೈಟನ್ನು ನೀವೇ ಕೆಡಿಸಿ ನೋಡಿ

ಸೆಟ್ಟಿಂಗ್ ಮುಟ್ಟುವ ಮುಂಚೆ ಈಗ ಏನೇನು ಸೋರುತ್ತಿದೆ ಎಂದು ನೋಡಿಕೊಳ್ಳಿ. ನಿಮ್ಮ ಸ್ವಂತ ಸೈಟು ಅಥವಾ ಲಿಖಿತ ಒಪ್ಪಿಗೆ ಇರುವ ಸೈಟು ಮಾತ್ರ. ಬೇರೆಯವರ ಸೈಟಿನಲ್ಲಿ ಕೈಯಾಡಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಕೆಳಗೆ ಬರುತ್ತೀರಿ, ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಸೆಕ್ಷನ್ ಕೆಳಗೂ.

ಇಲ್ಲದ ವಿಳಾಸ ತೆರೆಯುವುದು ಎಲ್ಲರೂ ಮಾಡುವ ಪರೀಕ್ಷೆ. ಅಲ್ಲಿಗೇ ನಿಲ್ಲಿಸಿದರೆ ಪ್ರಯೋಜನ ಕಮ್ಮಿ, ಯಾಕೆಂದರೆ 404ಕ್ಕೆ (ಪುಟ ಇಲ್ಲ) ಮಾತ್ರ ಚೆಂದದ ಪುಟ ಮಾಡಿಟ್ಟು 500 (ಸರ್ವರ್‌ನೊಳಗಿನ ಎರರ್) ಅನ್ನು ಮರೆತ ಸೈಟುಗಳೇ ಹೆಚ್ಚು. ಇವನ್ನೂ ಮಾಡಿ:

- ವಿಳಾಸದಲ್ಲಿ ಐಡಿ ಸಂಖ್ಯೆ ಇರುವ ಕಡೆ ಅಕ್ಷರ ಹಾಕಿ, ಋಣ ಸಂಖ್ಯೆ ಹಾಕಿ, ಇಪ್ಪತ್ತು ಅಂಕಿಯ ಸಂಖ್ಯೆ ಹಾಕಿ.
- ಪಿಎಚ್‌ಪಿ ಆದರೆ ಪ್ಯಾರಾಮೀಟರ್ ಹೆಸರಿನ ಕೊನೆಗೆ ಖಾಲಿ ಚೌಕ ಬ್ರಾಕೆಟ್ ಸೇರಿಸಿ. ಸ್ಟ್ರಿಂಗ್ ನಿರೀಕ್ಷಿಸುವ ಕೋಡಿಗೆ ಅರೇ ಸಿಗುತ್ತದೆ. ಪಿಎಚ್‌ಪಿ 8ರಲ್ಲಿ ಟ್ರಿಮ್‌ನಂಥ ಸಾದಾ ಫಂಕ್ಷನ್ ಕೂಡ ಟೈಪ್ ಎರರ್ ಎಸೆದು ಫೈಲಿನ ದಾರಿ ತೋರಿಸುತ್ತದೆ.
- ಎಪಿಐಗೆ (ಬೇರೆ ಪ್ರೋಗ್ರಾಂಗಳು ಸರ್ವರ್ ಜೊತೆ ಮಾತಾಡುವ ಬಾಗಿಲು) ಅರ್ಧಕ್ಕೇ ನಿಂತ ಜೇಸನ್ (ಡೇಟಾ ಕಳಿಸುವ ಪಠ್ಯರೂಪ) ಕಳಿಸಿ. ಗೆಟ್ ಇರುವಲ್ಲಿ ಪೋಸ್ಟ್, ಪೋಸ್ಟ್ ಇರುವಲ್ಲಿ ಪುಟ್ ಮಾಡಿ.
- ಮಿತಿ ಮೀರಿದ ಫೈಲ್ ಅಪ್‌ಲೋಡ್ ಮಾಡಿ. ಸೆಷನ್ ಕುಕಿಯ ನಡುವೆ ಎರಡಕ್ಷರ ಬದಲಿಸಿ ಕಳಿಸಿ.
- ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದು ಇಟ್ಟ ಸೈಟಿನ ಪ್ರತಿ) ಡೇಟಾಬೇಸನ್ನೇ ನಿಲ್ಲಿಸಿ ಪ್ರತಿ ಪುಟ ತೆರೆಯಿರಿ. ನನ್ನ ಲೆಕ್ಕದಲ್ಲಿ ಇದೊಂದೇ ಉಳಿದೆಲ್ಲಕ್ಕಿಂತ ಹೆಚ್ಚು ಹುಳುಕು ಹೊರಹಾಕುತ್ತದೆ.

ಕನ್ನಡ ಬಲ್ಲವರ ಕೈಯಲ್ಲಿ ಇನ್ನೊಂದು ಒಳ್ಳೆಯ ಸಾಧನ ಇದೆ: ಕನ್ನಡವೇ. ಐಡಿ ಇರುವಲ್ಲಿ 12 ಬದಲು ೧೨ ಎಂದು ಹಾಕಿ. ಪೈಥಾನ್‌ನ ಇಂಟ್ ಫಂಕ್ಷನ್ ಕನ್ನಡ ಅಂಕಿಯನ್ನು ಒಪ್ಪಿಕೊಂಡು ಹನ್ನೆರಡು ಎಂದೇ ಓದುತ್ತದೆ, ಜಾವಾದ ಪಾರ್ಸ್ ಇಂಟ್ ಕೂಡ ಹಾಗೇ. ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ, ಪೋಸ್ಟ್‌ಗ್ರೆ ಎಸ್‌ಕ್ಯೂಎಲ್‌ಗೂ ಆಗದು. ಹಾಗಾಗಿ 'ಇದು ಅಂಕಿಯೇ' ಎಂದು ಪೈಥಾನ್ ಕೋಡ್ ಪಾಸ್ ಮಾಡಿದ ಮೂಲ ಸ್ಟ್ರಿಂಗ್ ಹಾಗೇ ಡೇಟಾಬೇಸಿಗೆ ಹೋದರೆ ಅಲ್ಲಿ ಒದೆ ಬೀಳುತ್ತದೆ. ಆ ಎರರನ್ನು ಯಾರೂ ನಿರೀಕ್ಷಿಸಿರುವುದಿಲ್ಲ, ಹಿಡಿದೂ ಇರುವುದಿಲ್ಲ.

ಹೆಸರಿನ ಕಾಲಂ ಇನ್ನೂ ಮಜಾ. 'ವೆಂಕಟೇಶಮೂರ್ತಿ' ಇಂಗ್ಲಿಷಿನಲ್ಲಿ ಬರೆದರೆ 16 ಬೈಟ್. ಕನ್ನಡದಲ್ಲಿ ಬರೆದರೆ ಯುನಿಕೋಡ್‌ನ 13 ಚಿಹ್ನೆಗಳು, ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟ್, ಒಟ್ಟು 39. ಒರಾಕಲ್ ಡೇಟಾಬೇಸಿನಲ್ಲಿ ಕಾಲಂ ಅಳತೆ ಬೈಟ್ ಲೆಕ್ಕದಲ್ಲೇ ಇರುವುದು ಡೀಫಾಲ್ಟ್. 30 ಬೈಟ್‌ನ ಕಾಲಂಗೆ ಇಂಗ್ಲಿಷ್ ಹೆಸರು ಆರಾಮಾಗಿ ಹೋಗುತ್ತದೆ, ಕನ್ನಡದ್ದು ಹೋಗುವುದಿಲ್ಲ. ಆಗ ಬರುವ ಒಆರ್‌ಎ-12899 ಎರರ್ ಸ್ಕೀಮಾ ಹೆಸರು, ಟೇಬಲ್ ಹೆಸರು, ಕಾಲಂ ಹೆಸರು, ಜೊತೆಗೆ ಅದರ ಗರಿಷ್ಠ ಅಳತೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಒಪ್ಪಿಸುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಲ್ಯಾಟಿನ್-1 ಆಗಿ ಉಳಿದ ಹಳೆಯ ಕಾಲಂಗೆ ಕನ್ನಡ ತುಂಬಿದರೆ 1366ನೇ ಎರರ್ ಬರುತ್ತದೆ, ಅದರಲ್ಲೂ ಕಾಲಂ ಹೆಸರು ಇರುತ್ತದೆ. ಇಲ್ಲಿ ಯಾರೂ ದಾಳಿ ಮಾಡಿಲ್ಲ. ಒಬ್ಬರು ತಮ್ಮ ಹೆಸರನ್ನು ತಮ್ಮ ಭಾಷೆಯಲ್ಲಿ ಬರೆದಿದ್ದಾರೆ, ಅಷ್ಟೆ.

ಬಂದ ಉತ್ತರವನ್ನು ಬ್ರೌಸರ್‌ನಲ್ಲಿ ನೋಡಿ ಬಿಡಬೇಡಿ. ಪೇಜ್ ಸೋರ್ಸ್ ತೆಗೆದು ನೋಡಿ, ಕರ್ಲ್ ಎಂಬ ಕಮಾಂಡಿನಲ್ಲಿ ಹೆಡರ್ ಸಮೇತ ನೋಡಿ. ಮೇಲೆ 'ಕ್ಷಮಿಸಿ' ಎಂದಿದ್ದು ಒಳಗಡೆ ಎಚ್‌ಟಿಎಂಎಲ್ ಕಾಮೆಂಟ್‌ನಲ್ಲಿ ಪೂರ್ತಿ ಟ್ರೇಸ್ ಅಡಗಿಸಿಟ್ಟ ಜಾಣರೂ ಇದ್ದಾರೆ.

ಹಂತ 2: ಡಿಬಗ್ ಆಫ್ ಮಾಡಿ, ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಳ್ಳಿ

ಆಫ್ ಮಾಡುವುದು ಒಂದು ಸಾಲಿನ ಕೆಲಸ. ಆಫ್ ಆಗಿದೆ ಅಂದುಕೊಂಡು ಆಗದೇ ಇರುವುದೇ ದೊಡ್ಡ ತಲೆನೋವು. ಅದಕ್ಕೇ ಈ ಹಂತ ಸ್ವಲ್ಪ ಉದ್ದ.

ಜ್ಯಾಂಗೋ (ಪೈಥಾನ್ ಫ್ರೇಮ್‌ವರ್ಕ್). ಸೆಟ್ಟಿಂಗ್ಸ್ ಫೈಲಿನ ಡಿಬಗ್ ಫಾಲ್ಸ್ ಇರಬೇಕು. ಹಲವರು ಅದನ್ನು ಎನ್ವಿರಾನ್ಮೆಂಟ್ ವೇರಿಯೇಬಲ್‌ನಿಂದ ಓದಿಸುತ್ತಾರೆ, ಸರ್ವರ್‌ನಲ್ಲಿ 'ಫಾಲ್ಸ್' ಎಂದು ಬರೆದೂ ಇರುತ್ತಾರೆ. ಆದರೆ ಅಲ್ಲಿಂದ ಬರುವುದು ಸ್ಟ್ರಿಂಗ್. ಖಾಲಿಯಲ್ಲದ ಯಾವ ಸ್ಟ್ರಿಂಗಾದರೂ ಪೈಥಾನ್‌ಗೆ ಟ್ರೂ ಸಮಾನ, 'ಫಾಲ್ಸ್' ಎಂಬ ಐದಕ್ಷರದ ಸ್ಟ್ರಿಂಗ್ ಕೂಡ. ಹೀಗೆ ಫಾಲ್ಸ್ ಎಂದು ಬರೆದೂ ಡಿಬಗ್ ಆನ್ ಆಗಿರುತ್ತದೆ. ಮೌಲ್ಯ ನಿಖರವಾಗಿ 'ಟ್ರೂ' ಎಂಬ ಸ್ಟ್ರಿಂಗೇ ಆಗಿದ್ದರೆ ಮಾತ್ರ ಆನ್, ವೇರಿಯೇಬಲ್ ಇಲ್ಲದಿದ್ದರೂ ಆಫ್, ಹೀಗೆ ಹೋಲಿಸಿ ಬರೆಯಿರಿ.

ಡಿಬಗ್ ಫಾಲ್ಸ್ ಮಾಡಿದ ಕೂಡಲೇ ಎರಡು ಕಿರಿಕಿರಿ ಎದುರಾಗುತ್ತವೆ. ಅಲೋಡ್ ಹೋಸ್ಟ್ಸ್ ತುಂಬದಿದ್ದರೆ ಸೈಟು ಏಳುವುದಿಲ್ಲ. ಡೆವಲಪ್‌ಮೆಂಟ್ ಸರ್ವರ್ ಸ್ಟ್ಯಾಟಿಕ್ ಫೈಲ್ ಕೊಡುವುದನ್ನು ನಿಲ್ಲಿಸುವುದರಿಂದ ಸಿಎಸ್‌ಎಸ್ ಮಾಯವಾಗುತ್ತದೆ. ಬಹಳ ಜನ ಇಲ್ಲೇ ಸೋತು ಮತ್ತೆ ಟ್ರೂ ಮಾಡಿಬಿಡುತ್ತಾರೆ. ಮಾಡಬೇಡಿ. ಕಲೆಕ್ಟ್ ಸ್ಟ್ಯಾಟಿಕ್ ಓಡಿಸಿ, ಆ ಫೈಲ್‌ಗಳನ್ನು ಎಂಜಿನ್‌ಎಕ್ಸ್ ವೆಬ್ ಸರ್ವರ್ ಕೊಡಲಿ ಅಥವಾ ಆ ಕೆಲಸಕ್ಕಿರುವ ವೈಟ್‌ನಾಯ್ಸ್ ಲೈಬ್ರರಿ ಹಾಕಿ.

ಜ್ಯಾಂಗೋ ಡಿಬಗ್ ಪುಟ ಕೆಲವು ಸೆಟ್ಟಿಂಗ್‌ಗಳನ್ನು ನಕ್ಷತ್ರ ಚಿಹ್ನೆ ಹಾಕಿ ಮರೆಮಾಡುತ್ತದೆ, ಅದನ್ನು ನಂಬಿ ಕೂರಬೇಡಿ. ಹೆಸರಿನಲ್ಲಿ 'ಕೀ', 'ಪಾಸ್', 'ಟೋಕನ್', 'ಸೀಕ್ರೆಟ್' ಇಂಥ ಪದವಿದ್ದರೆ ಮಾತ್ರ ಅದು ಮುಚ್ಚುತ್ತದೆ. 'ಡೇಟಾಬೇಸ್ ಯುಆರ್‌ಎಲ್' ಎಂದು ನೀವೇ ಹೆಸರಿಟ್ಟ ಸೆಟ್ಟಿಂಗ್‌ನೊಳಗೆ ಪಾಸ್‌ವರ್ಡ್ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಸರ್ವರ್‌ಗೆ ಹಾಕುವ ಮುನ್ನ ಮ್ಯಾನೇಜ್ ಫೈಲಿನ 'ಚೆಕ್' ಕಮಾಂಡನ್ನು 'ಡಿಪ್ಲಾಯ್' ಆಯ್ಕೆಯೊಂದಿಗೆ ಓಡಿಸಿ. ಡಿಬಗ್ ಆನ್ ಇದ್ದರೆ ಎಚ್ಚರಿಸುತ್ತದೆ.

ಪಿಎಚ್‌ಪಿ. ಪಿಎಚ್‌ಪಿ ಡಾಟ್ ಐಎನ್ಐ ಫೈಲೇ ಇಲ್ಲದಿದ್ದರೆ ಡಿಸ್‌ಪ್ಲೇ ಎರರ್ಸ್ ಆನ್ ಇರುತ್ತದೆ. ಡಾಕರ್‌ನ ಅಧಿಕೃತ ಪಿಎಚ್‌ಪಿ ಇಮೇಜ್ ಕೂಡ ಆ ಫೈಲ್ ಇಲ್ಲದೇ ಬರುತ್ತದೆ, ಪ್ರೊಡಕ್ಷನ್ ಮಾದರಿಯನ್ನು ನೀವೇ ಕಾಪಿ ಮಾಡಿಕೊಳ್ಳಬೇಕು. ಡಿಸ್‌ಪ್ಲೇ ಎರರ್ಸ್ ಆಫ್, ಡಿಸ್‌ಪ್ಲೇ ಸ್ಟಾರ್ಟಪ್ ಎರರ್ಸ್ ಆಫ್, ಲಾಗ್ ಎರರ್ಸ್ ಆನ್, ಎಕ್ಸ್‌ಪೋಸ್ ಪಿಎಚ್‌ಪಿ ಆಫ್. 7.4ರಿಂದ ಇರುವ 'ಎಕ್ಸೆಪ್ಷನ್ ಇಗ್ನೋರ್ ಆರ್ಗ್ಸ್' ಆನ್ ಮಾಡಿದರೆ ಟ್ರೇಸ್‌ನಲ್ಲಿ ಫಂಕ್ಷನ್‌ಗೆ ಕೊಟ್ಟ ಮೌಲ್ಯಗಳೇ ಬರುವುದಿಲ್ಲ. ಪಾಸ್‌ವರ್ಡ್ ಲಾಗ್‌ಗೂ ಸೇರದಂತೆ ಇದು ಕಾಯುತ್ತದೆ. ಇನ್ನೊಂದು ಲಾಭ: ಡಿಸ್‌ಪ್ಲೇ ಆನ್ ಇದ್ದಾಗ ಫೇಟಲ್ ಎರರ್ ಆದರೂ ಪಿಎಚ್‌ಪಿ 200 ಎಂದೇ ಕಳಿಸುತ್ತದೆ. ಸರ್ಚ್ ಎಂಜಿನ್ ಅದನ್ನು ಒಳ್ಳೆಯ ಪುಟ ಎಂದು ತಿಳಿದು ಸೂಚಿಗೆ ಸೇರಿಸಿಕೊಳ್ಳುತ್ತದೆ, ನಿಮ್ಮ ಮಾನಿಟರಿಂಗ್ ಎಲ್ಲ ಸರಿಯಿದೆ ಎನ್ನುತ್ತದೆ. ಆಫ್ ಮಾಡಿದರೆ ಸರಿಯಾಗಿ 500 ಹೋಗುತ್ತದೆ.

ವರ್ಡ್‌ಪ್ರೆಸ್. ಡಬ್ಲ್ಯುಪಿ ಡಿಬಗ್ ಫಾಲ್ಸ್. ದೋಷ ಹುಡುಕಲು ಆನ್ ಮಾಡಲೇಬೇಕಾದರೆ ಡಬ್ಲ್ಯುಪಿ ಡಿಬಗ್ ಡಿಸ್‌ಪ್ಲೇ ಫಾಲ್ಸ್ ಇಟ್ಟು ಡಬ್ಲ್ಯುಪಿ ಡಿಬಗ್ ಲಾಗ್ ಮಾತ್ರ ಬಳಸಿ. ಬರೀ ಟ್ರೂ ಎಂದು ಕೊಟ್ಟರೆ ಲಾಗ್ ಹೋಗಿ ಕೂರುವುದು ಡಬ್ಲ್ಯುಪಿ ಕಂಟೆಂಟ್ ಫೋಲ್ಡರಿನೊಳಗೆ, ಯಾರು ಬೇಕಾದರೂ ಬ್ರೌಸರ್‌ನಲ್ಲಿ ತೆರೆಯಬಹುದಾದ ಜಾಗದಲ್ಲಿ. ಟ್ರೂ ಬದಲು ವೆಬ್ ಫೋಲ್ಡರಿನ ಹೊರಗಿನ ಒಂದು ಫೈಲಿನ ದಾರಿ ಕೊಡಿ.

ಲಾರಾವೆಲ್ (ಪಿಎಚ್‌ಪಿ ಫ್ರೇಮ್‌ವರ್ಕ್). ಎನ್ವ್ ಫೈಲಿನಲ್ಲಿ ಆ್ಯಪ್ ಡಿಬಗ್ ಫಾಲ್ಸ್ ಮಾಡಿ, ಕಾನ್ಫಿಗ್ ಕ್ಯಾಶ್ ಕಮಾಂಡ್ ಮತ್ತೆ ಓಡಿಸಿ. ಕ್ಯಾಶ್ ಆಗಿದ್ದರೆ ಎನ್ವ್ ಫೈಲನ್ನು ಅದು ಓದುವುದೇ ಇಲ್ಲ, ನೀವು ಮಾಡಿದ ಬದಲಾವಣೆ ಫೈಲಿನಲ್ಲೇ ಉಳಿಯುತ್ತದೆ. ಲಾರಾವೆಲ್‌ನಲ್ಲಿ ಇದು ಬರೀ ಮಾಹಿತಿ ಸೋರಿಕೆಯ ಪ್ರಶ್ನೆಯೂ ಅಲ್ಲ. ಅದರ ಚೆಂದದ ಎರರ್ ಪುಟ ತೋರಿಸುವ ಇಗ್ನಿಷನ್ ಪ್ಯಾಕೇಜಿನ 2.5.2ಕ್ಕಿಂತ ಹಳೆಯ ಆವೃತ್ತಿಗಳಲ್ಲಿ, ಡಿಬಗ್ ಆನ್ ಇದ್ದರೆ ಲಾಗಿನ್ ಇಲ್ಲದೆಯೇ ಹೊರಗಿನವರು ಸರ್ವರ್‌ನಲ್ಲಿ ಕೋಡ್ ಓಡಿಸಬಹುದಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2021-3129 ಎಂದರೆ ಇದೇ.

ಉಳಿದವು ಬೇಗ ಹೇಳಿಬಿಡುತ್ತೇನೆ. ಜಾವಾಸ್ಕ್ರಿಪ್ಟ್‌ನ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕಿನಲ್ಲಿ ನೋಡ್ ಎನ್ವ್ 'ಪ್ರೊಡಕ್ಷನ್' ಆಗಿರಬೇಕು. ಏನೂ ಕೊಡದಿದ್ದರೆ ಅದು ಡೆವಲಪ್‌ಮೆಂಟ್ ಎಂದೇ ತಿಳಿದು ಸ್ಟ್ಯಾಕ್ ಕಳಿಸುತ್ತದೆ. ಜಾವಾದ ಸ್ಪ್ರಿಂಗ್ ಬೂಟ್ 2.3ರಿಂದ ಈಚೆಗೆ ಎರರ್ ಮೆಸೇಜನ್ನು ಡೀಫಾಲ್ಟ್ ಆಗಿ ಮುಚ್ಚಿಡುತ್ತದೆ. 'ಮೆಸೇಜ್ ಖಾಲಿ ಬರ್ತಿದೆ' ಅಂತ ಯಾರಾದರೂ ಇನ್‌ಕ್ಲೂಡ್ ಮೆಸೇಜ್ ಆಲ್ವೇಸ್ ಮಾಡಿದ್ದಾರಾ ನೋಡಿ. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್‌ನೆಟ್‌ನಲ್ಲಿ ಕಸ್ಟಮ್ ಎರರ್ಸ್ 'ಆಫ್' ಇರಕೂಡದು. ಇಲ್ಲಿ ಆಫ್ ಅಂದರೆ ನಿಮ್ಮ ಪುಟ ಆಫ್, ಟ್ರೇಸ್ ತೋರಿಸುವ ಹಳದಿ ಪುಟ ಆನ್. ಈ ತಿರುವು ಮುರುವಿಗೆ ಬಿದ್ದವರು ಬಹಳ. ಡಾಟ್‌ನೆಟ್ ಕೋರ್ ಆದರೆ ಎನ್ವಿರಾನ್ಮೆಂಟ್ ಹೆಸರು ಡೆವಲಪ್‌ಮೆಂಟ್ ಆಗಿ ಉಳಿದಿಲ್ಲ ಎಂದು ನೋಡಿ. ಫ್ಲಾಸ್ಕ್ ಆದರೆ ಡಿಬಗ್ ಟ್ರೂ ಎಂದು ಕೋಡಿನಲ್ಲೇ ಬರೆಯುವ ಚಾಳಿ ಬಿಡಿ. ಪಿನ್ ಇದೆಯಲ್ಲ ಅನ್ನಬೇಡಿ: ಸರ್ವರ್‌ನ ಫೈಲ್ ಓದುವ ಇನ್ನೊಂದು ದೋಷ ಜೊತೆಗೆ ಸಿಕ್ಕರೆ ಆ ಪಿನ್ ಲೆಕ್ಕ ಹಾಕಿ ತೆಗೆಯಬಹುದು.

ಹಂತ 3: ಎಲ್ಲ ಎರರ್‌ಗಳೂ ಒಂದೇ ಕಡೆ ಬಂದು ಬೀಳಲಿ

ಪ್ರತಿ ಫಂಕ್ಷನ್‌ನಲ್ಲೂ ಟ್ರೈ ಕ್ಯಾಚ್ ಹಾಕಿ ಎಕ್ಸೆಪ್ಷನ್‌ನ ಮೆಸೇಜನ್ನೇ ಬಳಕೆದಾರರಿಗೆ ತೋರಿಸುವ ಕೋಡ್ ನಮ್ಮಲ್ಲಿ ಧಾರಾಳ. ಡಿಬಗ್ ಆಫ್ ಮಾಡಿದರೂ ಇದು ನಿಲ್ಲುವುದಿಲ್ಲ, ಯಾಕೆಂದರೆ ಇಲ್ಲಿ ಬಾಯಿಬಿಡುತ್ತಿರುವುದು ನಿಮ್ಮದೇ ಕೋಡು. ಪ್ರಾಜೆಕ್ಟಿನಲ್ಲಿ ಎಕ್ಸೆಪ್ಷನ್ ಮೆಸೇಜನ್ನು ರೆಸ್ಪಾನ್ಸ್‌ಗೆ ಸೇರಿಸುವ ಸಾಲುಗಳನ್ನು ಹುಡುಕಿ, ಒಂದೊಂದನ್ನೇ ತೆಗೆಯಿರಿ. ಬೇಸರದ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಅದರ ಬದಲು ಫ್ರೇಮ್‌ವರ್ಕಿನ ಗ್ಲೋಬಲ್ ಎರರ್ ಹ್ಯಾಂಡ್ಲರ್ ಒಂದನ್ನೇ ಬಳಸಿ. ಅದು ಮಾಡಬೇಕಾದ್ದು ಮೂರು ಕೆಲಸ: ಒಂದು ರ್‍ಯಾಂಡಮ್ ಉಲ್ಲೇಖ ಸಂಖ್ಯೆ ಹುಟ್ಟಿಸುವುದು, ಪೂರ್ತಿ ವಿವರವನ್ನು ಆ ಸಂಖ್ಯೆಯೊಂದಿಗೆ ಲಾಗ್‌ಗೆ ಬರೆಯುವುದು, ಬಳಕೆದಾರರಿಗೆ ಸಂಖ್ಯೆ ಮಾತ್ರ ತೋರಿಸುವುದು. ಸಂಖ್ಯೆ ಒಂದರ ಮುಂದೆ ಒಂದು ಏರುತ್ತ ಹೋಗಬಾರದು. ಬೆಳಗ್ಗೆ ಒಂದು, ಸಂಜೆ ಒಂದು ಎರರ್ ತರಿಸಿಕೊಂಡವರಿಗೆ ದಿನಕ್ಕೆ ನಿಮ್ಮಲ್ಲಿ ಎಷ್ಟು ಎರರ್ ಆಗುತ್ತದೆ ಎಂದು ಗೊತ್ತಾಗಿಬಿಡುತ್ತದೆ. ಉದ್ದದ ಯುಯುಐಡಿಯನ್ನು (ಕಂಪ್ಯೂಟರ್ ಹುಟ್ಟಿಸುವ ವಿಶಿಷ್ಟ ಗುರುತು) ಹಾಗೇ ತೋರಿಸುವುದೂ ನನಗೆ ಸರಿ ಕಾಣದು. ಇದನ್ನು ಯಾರೋ ಫೋನಿನಲ್ಲಿ ಓದಿ ಹೇಳಬೇಕು. ಎಂಟು ಅಂಕಿ, ನಡುವೆ ಒಂದು ಅಡ್ಡಗೆರೆ ಸಾಕು.

ಪುಟದ ಮಾತು ಹೀಗಿರಬಹುದು:

'ನಿಮ್ಮ ಅರ್ಜಿ ಸಲ್ಲಿಕೆಯಾಗಲಿಲ್ಲ. ತೊಂದರೆ ಆಗಿರುವುದು ನಮ್ಮ ಸರ್ವರ್‌ನಲ್ಲಿ, ನೀವು ತುಂಬಿದ ವಿವರದಲ್ಲಿ ಅಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಖಾತೆಯಿಂದ ಹಣ ಕಡಿತವಾಗಿದ್ದರೆ ಎರಡನೇ ಸಲ ಪಾವತಿ ಮಾಡಬೇಡಿ. ಸಹಾಯವಾಣಿಗೆ ಈ ಸಂಖ್ಯೆ ತಿಳಿಸಿ: 4827-1936.'

ಇದರಲ್ಲಿ ದಾಳಿಕೋರರಿಗೆ ಬೇಕಾದ್ದು ಏನೂ ಇಲ್ಲ, ಬಳಕೆದಾರರಿಗೆ ಬೇಕಾದ್ದು ಎಲ್ಲ ಇದೆ. ಭದ್ರತೆಯ ಹೆಸರಿನಲ್ಲಿ ಬರೀ 'ಏನೋ ತಪ್ಪಾಗಿದೆ' ಎಂದು ಹಾಕಿದರೆ ಕೌಂಟರ್‌ನಲ್ಲಿ ಕೂತವರು 'ಸರ್ವರ್ ಡೌನ್ ಇದೆ, ನಾಳೆ ಬನ್ನಿ' ಅಂದುಬಿಡುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದು ನಮ್ಮ ಕರ್ತವ್ಯ.

ಈ ಪುಟ ತನ್ನ ಪಾಡಿಗೆ ತಾನು ನಿಲ್ಲುವಂತಿರಬೇಕು. ಸೈಟಿನ ಮಾಮೂಲಿ ಹೆಡರ್ ಹಾಕಿ, ಅದರಲ್ಲಿ ಲಾಗಿನ್ ಆದವರ ಹೆಸರು ಡೇಟಾಬೇಸಿನಿಂದ ತಂದರೆ, ಡೇಟಾಬೇಸ್ ಬಿದ್ದಾಗ ಎರರ್ ಪುಟವೇ ಎರರ್ ಎಸೆಯುತ್ತದೆ. ಜ್ಯಾಂಗೋ ತನ್ನ 500ರ ಟೆಂಪ್ಲೇಟಿಗೆ ಯಾವ ಡೇಟಾವನ್ನೂ ಕೊಡದೆ ಇರುವುದು ಇಂಥ ಕಾರಣಕ್ಕೇ.

ಹಂತ 4: ಡೇಟಾಬೇಸ್ ಮಾತಾಡಿದ್ದು ಡೇಟಾಬೇಸಿನ ಬಳಿಯೇ ಇರಲಿ

ಡೇಟಾಬೇಸಿನ ಎರರ್ ಹೊರಗೆ ಕಂಡರೆ ಎಸ್‌ಕ್ಯೂಎಲ್ ಇಂಜೆಕ್ಷನ್ (ಇನ್‌ಪುಟ್‌ನಲ್ಲಿ ಡೇಟಾಬೇಸ್ ಆಜ್ಞೆ ನುಸುಳಿಸುವುದು) ಮಾಡುವವರ ಕೆಲಸ ಹತ್ತು ಪಟ್ಟು ಸಲೀಸು. ಮೈಎಸ್‌ಕ್ಯೂಎಲ್‌ನ ಅಪ್‌ಡೇಟ್ ಎಕ್ಸ್‌ಎಂಎಲ್, ಎಕ್ಸ್‌ಟ್ರ್ಯಾಕ್ಟ್ ವ್ಯಾಲ್ಯೂ ಫಂಕ್ಷನ್‌ಗಳಿಗೆ ಬೇಕೆಂದೇ ತಪ್ಪು ದಾರಿ ಕೊಟ್ಟು, ಆ ತಪ್ಪಿನೊಳಗೇ ಬೇರೆ ಟೇಬಲ್‌ನ ಡೇಟಾ ಸೇರಿಸಿ, ಎರರ್ ಮೆಸೇಜಿನ ಮೂಲಕವೇ ಓದಿಕೊಳ್ಳುವ ತಂತ್ರ ಬಹಳ ಹಳೆಯದು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆಜ್ಞೆ, ಡೇಟಾ ಎರಡನ್ನೂ ಬೇರೆ ಬೇರೆ ಕೊಡುವ ವಿಧಾನ) ಬಳಸಬೇಕಾದ್ದೇ ಮೊದಲ ಮದ್ದು; ಎರರ್ ಮುಚ್ಚುವುದು ಅದಕ್ಕೆ ಬದಲಿ ಅಲ್ಲ.

ಕೆಲವು ಡೇಟಾಬೇಸ್ ಎರರ್‌ಗಳನ್ನು ಮಾತ್ರ ಬಳಕೆದಾರರ ಭಾಷೆಗೆ ಇಳಿಸಬೇಕು. ಇಮೇಲ್ ಮೊದಲೇ ಇದೆ ಎಂಬ ಯೂನೀಕ್ ಕೀ ಎರರ್ ಅಂಥದ್ದು. ಅದರಲ್ಲಿ ಕೀ ಹೆಸರು, ಬೇರೊಬ್ಬರ ಇಮೇಲ್ ಎರಡೂ ಇರುತ್ತವೆ. ಕೋಡಿನಲ್ಲಿ ಎರರ್ ಸಂಖ್ಯೆ ನೋಡಿ ನಿಮ್ಮ ಮಾತನ್ನು ನೀವು ಬರೆಯಿರಿ, ಮೆಸೇಜನ್ನು ದಾಟಿಸಬೇಡಿ.

ಹಂತ 5: ಮುಂದಿರುವ ಸರ್ವರ್

ಆ್ಯಪ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಬಿದ್ದಾಗ ಮಾತಾಡುವುದು ಮುಂದಿರುವ ವೆಬ್ ಸರ್ವರ್. ಎಂಜಿನ್‌ಎಕ್ಸ್‌ನಲ್ಲಿ ಸರ್ವರ್ ಟೋಕನ್ಸ್ ಆಫ್ ಮಾಡಿ. ಎಂಜಿನ್‌ಎಕ್ಸ್ ಎಂಬ ಹೆಸರು ಉಳಿಯುತ್ತದೆ, ಆವೃತ್ತಿ ಹೋಗುತ್ತದೆ. 500, 502, 503, 504ಕ್ಕೆ ಎರರ್ ಪೇಜ್ ಮೂಲಕ ಒಂದು ಸಾದಾ ಎಚ್‌ಟಿಎಂಎಲ್ ಫೈಲ್ ತೋರಿಸಿ. ಆ್ಯಪ್‌ನಿಂದಲೇ ಬಂದ 500ರ ಪುಟವನ್ನೂ ಬದಲಿಸಬೇಕಾದರೆ ಪ್ರಾಕ್ಸಿ ಇಂಟರ್‌ಸೆಪ್ಟ್ ಎರರ್ಸ್ ಆನ್ ಬೇಕು, ಪಿಎಚ್‌ಪಿ-ಎಫ್‌ಪಿಎಂ ಆದರೆ ಅದು ಫಾಸ್ಟ್‌ಸಿಜಿಐ ಇಂಟರ್‌ಸೆಪ್ಟ್ ಎರರ್ಸ್. ಇದನ್ನು ಇಡೀ ಸೈಟಿಗೆ ಹಾಕಿದರೆ ಎಪಿಐನ ಜೇಸನ್ ಉತ್ತರದ ಜಾಗದಲ್ಲೂ ಎಚ್‌ಟಿಎಂಎಲ್ ಹೋಗಿ ಮೊಬೈಲ್ ಆ್ಯಪ್ ಕಂಗಾಲಾಗುತ್ತದೆ, ಎಪಿಐ ಲೊಕೇಷನ್ ಬಿಟ್ಟು ಹಾಕಿ. ಆ್ಯಡ್ ಹೆಡರ್‌ನಿಂದ ಸೇರಿಸಿದ ಭದ್ರತಾ ಹೆಡರ್‌ಗಳು ಎರರ್ ಪುಟಗಳಿಗೂ ಹೋಗಬೇಕಾದರೆ ಸಾಲಿನ ಕೊನೆಗೆ 'ಆಲ್ವೇಸ್' ಇರಬೇಕು.

ಅಪಾಚೆಯಲ್ಲಿ ಸರ್ವರ್ ಟೋಕನ್ಸ್ 'ಪ್ರಾಡ್', ಸರ್ವರ್ ಸಿಗ್ನೇಚರ್ ಆಫ್. ಟಾಮ್‌ಕ್ಯಾಟ್‌ನಲ್ಲಿ ಎರರ್ ರಿಪೋರ್ಟ್ ವಾಲ್ವ್ ಸೇರಿಸಿ ಶೋ ರಿಪೋರ್ಟ್, ಶೋ ಸರ್ವರ್ ಇನ್ಫೋ ಎರಡೂ ಫಾಲ್ಸ್. ಆವೃತ್ತಿ ಮುಚ್ಚಿದ ಮಾತ್ರಕ್ಕೆ ಭದ್ರ ಎಂದುಕೊಳ್ಳಬೇಡಿ. ಅಪ್‌ಡೇಟ್ ಮಾಡದ ಸರ್ವರ್‌ನ ಹಣೆಬರಹ ಇದರಿಂದ ಬದಲಾಗದು.

ಹಂತ 6: ಎಪಿಐ ಮತ್ತು ಮೊಬೈಲ್ ಆ್ಯಪ್

'ನಮ್ಮ ಆ್ಯಪ್‌ನಲ್ಲಿ ಬರೀ ಟೋಸ್ಟ್ ಬರುತ್ತೆ, ಎರರ್ ಕಾಣಲ್ಲ' ಎಂಬ ಸಮಾಧಾನ ಬೇಡ (ಟೋಸ್ಟ್ ಅಂದರೆ ಪರದೆ ಮೇಲೆ ಕ್ಷಣಕಾಲ ಮೂಡುವ ಪುಟ್ಟ ಸಂದೇಶ). ಫೋನ್ ಮತ್ತು ಸರ್ವರ್ ನಡುವೆ ಪ್ರಾಕ್ಸಿ ಇಟ್ಟುಕೊಂಡವರು ನೋಡುವುದು ಟೋಸ್ಟ್ ಅಲ್ಲ, ಅದರ ಹಿಂದಿನ ಜೇಸನ್. ಅಲ್ಲಿ ಟ್ರೇಸ್ ಇದ್ದರೆ ಅವರಿಗೆ ಹಾಗೇ ಕಾಣುತ್ತದೆ. ಎರರ್ ಉತ್ತರಕ್ಕೆ ಒಂದು ಅಚ್ಚು ಇಟ್ಟುಕೊಳ್ಳಿ. ಆರ್‌ಎಫ್‌ಸಿ 9457 ಎಂಬ ಇಂಟರ್‌ನೆಟ್ ಮಾನದಂಡ ಇದಕ್ಕೆಂದೇ ಇದೆ: ಬಗೆ, ಶೀರ್ಷಿಕೆ, ಸ್ಟೇಟಸ್, ವಿವರ. ಅದಕ್ಕೆ ನಿಮ್ಮ ಉಲ್ಲೇಖ ಸಂಖ್ಯೆ ಸೇರಿಸಿ. ಹ್ಯಾಂಡ್ಲರ್ ಈ ಅಚ್ಚಿನ ಹೊರಗಿನ ಯಾವ ಫೀಲ್ಡನ್ನೂ ಕಳಿಸಕೂಡದು.

ಗ್ರಾಫ್‌ಕ್ಯೂಎಲ್ (ಬೇಕಾದ ಫೀಲ್ಡ್ ಮಾತ್ರ ಕೇಳುವ ಎಪಿಐ ಭಾಷೆ) ಬಳಸುವವರಿಗೆ ಒಂದು ಮಾತು. ಇಂಟ್ರೊಸ್ಪೆಕ್ಷನ್ (ಸ್ಕೀಮಾ, ಅಂದರೆ ಡೇಟಾದ ನಕ್ಷೆಯನ್ನು ಕೇಳಿ ಪಡೆಯುವ ಸೌಲಭ್ಯ) ಮುಚ್ಚಿದ್ದರೂ ತಪ್ಪು ಫೀಲ್ಡ್ ಹೆಸರು ಕೇಳಿದಾಗ 'ನೀವು ಕೇಳಿದ್ದು ಇದನ್ನೇ?' ಎಂದು ಹತ್ತಿರದ ಹೆಸರು ಸೂಚಿಸುವ ಉಪಕಾರ ಬುದ್ಧಿ ಅದಕ್ಕಿದೆ. ಊಹೆ ಮಾಡುತ್ತ ಹೋದವರು ಹೀಗೇ ಇಡೀ ಸ್ಕೀಮಾ ಕಟ್ಟಿಕೊಳ್ಳಬಹುದು. ಪ್ರೊಡಕ್ಷನ್‌ನಲ್ಲಿ ಸಲಹೆಯನ್ನೂ ನಿಲ್ಲಿಸಿ.

ಹಂತ 7: ಮಾತಿನಲ್ಲಲ್ಲ, ವ್ಯತ್ಯಾಸದಲ್ಲಿ ಸೋರುವುದು

ಪುಟದಲ್ಲಿ ಒಂದಕ್ಷರ ಗುಟ್ಟು ಇಲ್ಲದೆಯೂ ಗುಟ್ಟು ಸೋರುತ್ತದೆ ಎಂದು 2010ರಲ್ಲಿ ಇಡೀ ಜಗತ್ತಿಗೆ ಪಾಠವಾಯಿತು. ಜೂಲಿಯಾನೋ ರಿಜ್ಜೊ, ಥಾಯ್ ಡುವಾಂಗ್ ಎಂಬ ಇಬ್ಬರು ಸಂಶೋಧಕರು ಬ್ಯೂನಸ್ ಐರಿಸ್‌ನ ಎಕೋಪಾರ್ಟಿ ಸಮ್ಮೇಳನದಲ್ಲಿ ಎಎಸ್‌ಪಿ ಡಾಟ್‌ನೆಟ್ ಮೇಲಿನ ಪ್ಯಾಡಿಂಗ್ ಒರಾಕಲ್ ದಾಳಿ ತೋರಿಸಿದರು (ಪ್ಯಾಡಿಂಗ್ ಅಂದರೆ ಗೂಢಲಿಪಿಗೆ ಮುಂಚೆ ಕೊನೆಯ ತುಣುಕನ್ನು ಭರ್ತಿ ಮಾಡುವ ಬೈಟ್‌ಗಳು; ಒರಾಕಲ್ ಡೇಟಾಬೇಸಿಗೂ ಇದಕ್ಕೂ ಸಂಬಂಧವಿಲ್ಲ). ಕೆಡಿಸಿದ ಗೂಢಲಿಪಿಯ ತುಣುಕು ಕಳಿಸಿದಾಗ, ಪ್ಯಾಡಿಂಗ್ ಸರಿಯಿದ್ದರೆ ಸರ್ವರ್ ಒಂದು ಬಗೆಯ ಎರರ್ ಕೊಡುತ್ತಿತ್ತು, ತಪ್ಪಿದ್ದರೆ ಇನ್ನೊಂದು. ಎರಡು ಎರರ್‌ಗಳ ಈ ವ್ಯತ್ಯಾಸವನ್ನೇ ಹೌದು-ಅಲ್ಲ ಎಂಬ ಉತ್ತರವಾಗಿ ಓದುತ್ತ ಹೋಗಿ, ಬೈಟ್ ಬೈಟಾಗಿ ಗೂಢಲಿಪಿ ಬಿಡಿಸಬಹುದಿತ್ತು. ಅದೇ ವರ್ಷದ ಸೆಪ್ಟೆಂಬರ್ 28ಕ್ಕೆ ಮೈಕ್ರೋಸಾಫ್ಟ್ ತುರ್ತಾಗಿ ಎಂಎಸ್10-070 ಪ್ಯಾಚ್ ಬಿಟ್ಟಿತು. ಅದು ಬರುವವರೆಗೆ ಕೊಟ್ಟ ತಾತ್ಕಾಲಿಕ ಮದ್ದು ಏನು ಗೊತ್ತೇ? ಎಲ್ಲ ಎರರ್‌ಗೂ ಒಂದೇ ಪುಟ, ಅದರಲ್ಲಿ ಸ್ವಲ್ಪ ರ್‍ಯಾಂಡಮ್ ವಿಳಂಬ.

ದಿನನಿತ್ಯದ ಆ್ಯಪ್‌ಗಳಲ್ಲಿ ಈ ತೊಂದರೆ ಕಾಣುವುದು ಲಾಗಿನ್‌ನಲ್ಲಿ. 'ಈ ಇಮೇಲ್ ನೋಂದಣಿಯಾಗಿಲ್ಲ', 'ಪಾಸ್‌ವರ್ಡ್ ತಪ್ಪು' ಎಂದು ಬೇರೆ ಬೇರೆ ಹೇಳಿದರೆ ಯಾರ ಖಾತೆ ಇದೆ ಎಂದು ಪಟ್ಟಿ ಮಾಡಿಕೊಳ್ಳಬಹುದು. ಎರಡಕ್ಕೂ 'ಇಮೇಲ್ ಅಥವಾ ಪಾಸ್‌ವರ್ಡ್ ಹೊಂದಲಿಲ್ಲ' ಎನ್ನಿ. ಪಾಸ್‌ವರ್ಡ್ ಮರೆತವರ ಪುಟದಲ್ಲಿ 'ಈ ವಿಳಾಸಕ್ಕೆ ಖಾತೆ ಇದ್ದರೆ ಮೇಲ್ ಕಳಿಸಿದ್ದೇವೆ' ಎನ್ನಿ. ಸಮಯವೂ ಬಾಯಿಬಿಡುತ್ತದೆ: ಖಾತೆ ಇಲ್ಲದಿದ್ದರೆ ಪಾಸ್‌ವರ್ಡ್ ಹೋಲಿಸುವ ನಿಧಾನದ ಬಿಕ್ರಿಪ್ಟ್ ಲೆಕ್ಕವೇ ನಡೆಯದೆ ಉತ್ತರ ಬೇಗ ಬರುತ್ತದೆ. ಜ್ಯಾಂಗೋ ಇದಕ್ಕಾಗಿಯೇ ಖಾತೆ ಇಲ್ಲದಿದ್ದರೂ ಒಮ್ಮೆ ಹ್ಯಾಶ್ (ಪಾಸ್‌ವರ್ಡನ್ನು ಓದಲಾಗದ ರೂಪಕ್ಕೆ ತಿರುಗಿಸುವ) ಲೆಕ್ಕ ಹಾಕುತ್ತದೆ. ಸ್ವಂತ ಲಾಗಿನ್ ಬರೆದವರು ಅದನ್ನೇ ಮಾಡಿ.

403 (ಅನುಮತಿ ಇಲ್ಲ) ಮತ್ತು 404ರದ್ದೂ ಇದೇ ಕಥೆ. ಬೇರೆಯವರ ಬಿಲ್ಲಿನ ಸಂಖ್ಯೆ ಹಾಕಿದಾಗ 403 ಬಂದರೆ 'ಇದೆ, ನಿನಗಿಲ್ಲ' ಎಂದ ಹಾಗಾಯಿತು. ಗಿಟ್‌ಹಬ್ ಅನುಮತಿ ಇಲ್ಲದವರಿಗೆ ಪ್ರೈವೇಟ್ ರೆಪೊಸಿಟರಿ ವಿಳಾಸದಲ್ಲಿ 404 ತೋರಿಸುವುದು ಅದಕ್ಕೇ. ಎಲ್ಲ ಕಡೆ ಹೀಗೆ ಮಾಡಬೇಕಿಲ್ಲ. ಇದೆ ಎಂದು ತಿಳಿಯುವುದೇ ಹಾನಿ ಆಗುವ ಕಡೆ ಮಾಡಿ. ನೋಂದಣಿ ಫಾರ್ಮಿನಲ್ಲಿ ಯೂಸರ್‌ನೇಮ್ ಸಿಗುತ್ತದೋ ಇಲ್ಲವೋ ಎಂದು ಹೇಳದೆ ಇರಲು ಆಗುವುದಿಲ್ಲ, ಅಲ್ಲಿ ರೇಟ್ ಲಿಮಿಟ್ (ಇಂತಿಷ್ಟು ಸಲ ಮಾತ್ರ ಎಂಬ ಮಿತಿ) ಹಾಕಿ.

ಹಂತ 8: ಒಳಗಿಟ್ಟ ಲಾಗ್

ಪುಟದಿಂದ ತೆಗೆದದ್ದೆಲ್ಲ ಈಗ ಲಾಗ್‌ನಲ್ಲಿದೆ. ಅದು ಸುರಕ್ಷಿತ ಜಾಗವೇ ಎಂದು ಕೇಳಿಕೊಳ್ಳಿ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳಿತು. ಒಂದು ಬಗ್‌ನಿಂದಾಗಿ ಹ್ಯಾಶ್ ಮಾಡುವ ಮುಂಚೆಯೇ ಪಾಸ್‌ವರ್ಡ್‌ಗಳು ಒಳಗಿನ ಲಾಗ್‌ಗೆ ಸೇರುತ್ತಿದ್ದವು.

ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ, ಕಾರ್ಡ್ ಸಂಖ್ಯೆ, ಆಥರೈಸೇಷನ್ ಹೆಡರ್, ಕುಕಿ ಇವು ಲಾಗ್‌ಗೆ ಬರೆಯುವ ಮುನ್ನವೇ ಅಳಿಸಿಹೋಗಬೇಕು. ಎರರ್ ಸಂಗ್ರಹಿಸಿಡುವ ಸೆಂಟ್ರಿಯಂಥ ಸೇವೆ ಬಳಸುತ್ತಿದ್ದರೆ ಅಲ್ಲಿಗೆ ಹೋಗುವ ಡೇಟಾಕ್ಕೂ ಇದೇ ನಿಯಮ. ಲಾಗ್ ಫೈಲ್ ವೆಬ್ ಫೋಲ್ಡರಿನ ಹೊರಗಿರಲಿ, ಓದುವ ಅನುಮತಿ ಬೇಕಾದವರಿಗೆ ಮಾತ್ರ. ಬಳಕೆದಾರರು ಕೊಟ್ಟ ಪಠ್ಯವನ್ನು ಬರೆಯುವಾಗ ಹೊಸ ಸಾಲಿನ ಚಿಹ್ನೆ ತೆಗೆಯಿರಿ, ಇಲ್ಲದಿದ್ದರೆ ಸುಳ್ಳು ಲಾಗ್ ಸಾಲುಗಳನ್ನು ತುರುಕಬಹುದು.

ಬೇಡ ಎಂದು ಲಾಗ್ ಅಳಿಸುವಂತೆಯೂ ಇಲ್ಲ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಡೇಟಾ ಸೋರಿಕೆಯಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೋರಿಕೆ ತಡೆಯಲು ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಹಂತ 9: ಮತ್ತೆ ಬಾಯಿ ತೆರೆಯದಂತೆ

ಇವತ್ತು ಮುಚ್ಚಿದ್ದು ಮುಂದಿನ ರಿಲೀಸ್‌ನಲ್ಲಿ ತೆರೆದುಕೊಳ್ಳುತ್ತದೆ. ಹಂತ 1ರ ಪರೀಕ್ಷೆಗಳನ್ನು ಸಿಐನಲ್ಲಿ (ಕೋಡ್ ಬದಲಾದಾಗ ತಾನಾಗಿ ಓಡುವ ಪರೀಕ್ಷಾ ವ್ಯವಸ್ಥೆ) ಸೇರಿಸಿ: ಪ್ರತಿ ಡಿಪ್ಲಾಯ್ ಆದ ಮೇಲೆ ಬೇಕೆಂದೇ ಎರರ್ ಬರಿಸುವ ವಿಳಾಸಗಳಿಗೆ ಹೋಗಿ, ಉತ್ತರದಲ್ಲಿ 'ಟ್ರೇಸ್‌ಬ್ಯಾಕ್', 'ಸ್ಟ್ಯಾಕ್ ಟ್ರೇಸ್', 'ಎಸ್‌ಕ್ಯೂಎಲ್ ಸ್ಟೇಟ್', ಹೋಂ ಫೋಲ್ಡರಿನ ದಾರಿ ಇಂಥವು ಸಿಕ್ಕರೆ ಡಿಪ್ಲಾಯ್ ಹಿಂದೆ ಬರಲಿ. ಸ್ಟೇಜಿಂಗ್ ಸೈಟಿಗೆ ಪಾಸ್‌ವರ್ಡ್ ಅಥವಾ ಐಪಿ ತಡೆ ಹಾಕಿ. ಪೇಟ್ರಿಯಾನ್‌ನ ಕಳ್ಳರು ಬಂದದ್ದು ಮುಖ್ಯ ಸೈಟಿನಿಂದಲ್ಲ ಎಂಬುದು ನೆನಪಿರಲಿ.

ಸೋರಿಯೇ ಹೋಗಿದೆ ಎಂದು ತಿಳಿದರೆ ಪುಟ ಮುಚ್ಚಿ ನಿಟ್ಟುಸಿರು ಬಿಡುವುದು ಸಾಲದು. ಪುಟದಲ್ಲಿ ಕಂಡ ಪ್ರತಿ ಪಾಸ್‌ವರ್ಡ್, ಕೀ, ಟೋಕನ್ ಈಗಾಗಲೇ ಬೇರೆಯವರ ಕೈಯಲ್ಲಿದೆ ಎಂದೇ ಹಿಡಿದು ಎಲ್ಲವನ್ನೂ ಬದಲಿಸಿ. ಲಾರಾವೆಲ್‌ನ ಆ್ಯಪ್ ಕೀ, ಜ್ಯಾಂಗೋದ ಸೀಕ್ರೆಟ್ ಕೀ ಬದಲಿಸಿದರೆ ಹಳೆಯ ಸೆಷನ್‌ಗಳು ಹೋಗಿ ಎಲ್ಲರೂ ಮತ್ತೆ ಲಾಗಿನ್ ಆಗಬೇಕಾಗಬಹುದು, ಆಗಲಿ. ಲಾರಾವೆಲ್‌ನಲ್ಲಿ ಅದೇ ಕೀಯಿಂದ ಎನ್‌ಕ್ರಿಪ್ಟ್ ಮಾಡಿ ಡೇಟಾಬೇಸಿನಲ್ಲಿ ಇಟ್ಟದ್ದೇನಾದರೂ ಇದ್ದರೆ ಕೀ ಬದಲಿಸುವ ಮುನ್ನ ಅದನ್ನು ಬಿಡಿಸಿ ಇಟ್ಟುಕೊಳ್ಳಿ. ಆಮೇಲೆ ಆ್ಯಕ್ಸೆಸ್ ಲಾಗ್ ತೆಗೆದು, ಡಿಬಗ್ ಆನ್ ಇದ್ದ ಅವಧಿಯಲ್ಲಿ 500 ಉತ್ತರ ಪಡೆದ ಐಪಿಗಳು ಮುಂದೆ ಎಲ್ಲೆಲ್ಲಿ ಹೋದವು ಎಂದು ನೋಡಿ. ಪಿಎಚ್‌ಪಿ ಆದರೆ 200ರಲ್ಲೂ ಹುಡುಕಬೇಕು. ನಿಮ್ಮ ಡೊಮೇನ್ ಹೆಸರಿನ ಜೊತೆ ಆ ಎರರ್‌ನ ಮೊದಲ ಮಾತು ಹಾಕಿ ಗೂಗಲ್‌ನಲ್ಲಿ ಹುಡುಕಿ. ಸಿಕ್ಕರೆ ಸರ್ಚ್ ಕನ್ಸೋಲ್‌ನಿಂದ ತೆಗೆಯಲು ಕೋರಿಕೆ ಹಾಕಿ.